177 ಕೆಲ್ವಿನ್ ಕೆಳಗೆ ಹರಳಿನ ರೆಸಿಸ್ಟೆನ್ಸ್ ಒಂದೊಂದು ಸಲ ಒಂದೊಂದು ಥರ

ಹರಳುಹುಚ್ಚಿ:
ನಮಸ್ಕಾರ. ಕೋಬಾಲ್ಟ್-3 ಟಿನ್-2 ಸಲ್ಫರ್-2 ಹರಳಿನ ರೆಸಿಸ್ಟೆನ್ಸ್ ಅಳೆಯುತ್ತಿದ್ದೇನೆ. ಅದೇ, ಫೆರೋಮ್ಯಾಗ್ನೆಟಿಕ್ ವೈಲ್ ಸೆಮಿಮೆಟಲ್ (177 ಕೆಲ್ವಿನ್ ಕೆಳಗೆ ತಾನೇ ಕಾಂತವಾಗುವ, ಲೋಹದಂಥ ವಸ್ತು). ನಾಲ್ಕು ತಂತಿ (ಎರಡು ಕರೆಂಟ್‌ಗೆ, ಎರಡು ವೋಲ್ಟೇಜ್‌ಗೆ), ಸಿಲ್ವರ್ ಪೇಸ್ಟ್, ಲಿಕ್ವಿಡ್ ನೈಟ್ರೋಜನ್. ಗ್ರಾಫ್‌ನಲ್ಲಿ 177 ಕೆಲ್ವಿನ್ ಹತ್ತಿರ ಇರಬೇಕಾದ ತಿರುವು ತಣಿಸುವಾಗ 173ಕ್ಕೆ, ಬಿಸಿ ಮಾಡುವಾಗ 181ಕ್ಕೆ ಬರುತ್ತಿದೆ. ಅದರ ಕೆಳಗಂತೂ ಪ್ರತಿ ಸಲ ತಣಿಸಿದಾಗಲೂ ಗ್ರಾಫ್ ಬೇರೆ. ಹೊಸ ಫೇಸ್ (ವಸ್ತುವಿನ ಹೊಸ ಸ್ಥಿತಿ) ಏನಾದರೂ ಇರಬಹುದಾ?

ಬೆಸುಗೆ_ಭಟ್ಟ:
ಪೇಪರ್ ಬರೆಯೋಕೆ ಈಗಲೇ ಕೂರಬೇಡಿ ಮೇಡಂ :) ಇವು ಎರಡು ಬೇರೆ ಬೇರೆ ರೋಗ.

ಮೊದಲನೆಯದು ಸುಲಭ. ಥರ್ಮಾಮೀಟರ್ ಬೇಗ ತಣಿಯುತ್ತದೆ, ಹರಳು ಹಿಂದೆ ಉಳಿಯುತ್ತದೆ. ನಿಮಿಷಕ್ಕೆ ಎಷ್ಟು ಕೆಲ್ವಿನ್ ಇಳಿಸುತ್ತಿದ್ದೀರಿ? ಅರ್ಧಕ್ಕೆ ಇಳಿಸಿ. ತಾಮ್ರದ ಮೇಲೆ ಸಿಗರೇಟ್ ಪೇಪರ್, ಅದಕ್ಕೆ ತೆಳ್ಳಗೆ ವಾರ್ನಿಷ್, ಅದರ ಮೇಲೆ ಹರಳು. ಕರೆಂಟ್ ಸೋರಲ್ಲ, ಶಾಖ ಹಾಯುತ್ತದೆ.

ಎರಡನೆಯದೇ ಮಜಾ. 177ರ ಕೆಳಗೆ ಸ್ಪಿನ್‌ಗಳು, ಅಂದರೆ ಎಲೆಕ್ಟ್ರಾನ್‌ಗಳ ಪುಟ್ಟ ಕಾಂತಗಳು, ಸಾಲಾಗಿ ನಿಲ್ಲುತ್ತವೆ, ಎಲೆಕ್ಟ್ರಾನ್ ಚದುರುವುದು ಕಮ್ಮಿ, ಹಾಗಾಗಿ ರೆಸಿಸ್ಟೆನ್ಸ್ ಕಡಿದಾಗಿ ಇಳಿಯುತ್ತದೆ. ಆದರೆ ಜೊತೆಗೇ ಅನಾಮಲಸ್ ಹಾಲ್ ವೋಲ್ಟೇಜ್ (ಹರಳಿನ ಸ್ವಂತ ಕಾಂತತೆಯಿಂದ ಕರೆಂಟ್‌ಗೆ ಅಡ್ಡಲಾಗಿ ಬರುವ ವೋಲ್ಟೇಜ್) ಹುಟ್ಟುತ್ತದೆ. ಈ ಹರಳಿನಲ್ಲಿ ಅದು ಜಾಸ್ತಿ. 2018ರಲ್ಲೇ ಹಾಲ್ ಆ್ಯಂಗಲ್ (ಕರೆಂಟ್ ಎಷ್ಟು ಅಡ್ಡಕ್ಕೆ ತಿರುಗುತ್ತದೆ ಅನ್ನೋ ಅಳತೆ) ಶೇಕಡಾ 20ರವರೆಗೆ ಅಂತ ವರದಿಯಾಗಿದೆ. ನಿಮ್ಮ ಎರಡು ವೋಲ್ಟೇಜ್ ತಂತಿ ನೇರ ಸಾಲಿನಲ್ಲಿ ಇಲ್ಲದಿದ್ದರೆ ಅದೂ ಒಳಗೆ ಸೇರುತ್ತದೆ. ಮ್ಯಾಗ್ನೆಟಿಕ್ ಫೀಲ್ಡ್ ಇಲ್ಲದೆ ತಣಿಸಿದರೆ ಡೊಮೇನ್‌ಗಳು (ಒಂದೇ ದಿಕ್ಕಿಗೆ ಕಾಂತವಾದ ತುಂಡು ಜಾಗಗಳು) ಪ್ರತಿ ಸಲ ತಮಗೆ ಬೇಕಾದ ಹಾಗೆ ಬೀಳುತ್ತವೆ. ಗ್ರಾಫ್ ಬದಲಾಗದೆ ಇರುತ್ತದಾ?

ಮ್ಯಾಗ್ನೆಟ್ ಇಲ್ಲದಿದ್ದರೂ ಪರವಾಗಿಲ್ಲ. ತಾಪ ನಿಲ್ಲಿಸಿ ಒಮ್ಮೆ ಅಳೆಯಿರಿ. ಆಮೇಲೆ ಕರೆಂಟ್ ಜೋಡಿ, ವೋಲ್ಟೇಜ್ ಜೋಡಿ ಅದಲು ಬದಲು ಮಾಡಿ ಅಳೆಯಿರಿ. ಸರಾಸರಿಯಲ್ಲಿ ಹಾಲ್ ಭಾಗ ಹೊಡೆದು ಹೋಗುತ್ತದೆ. ಪ್ರತಿ ಸಲ ಕರೆಂಟ್ ದಿಕ್ಕನ್ನೂ ತಿರುಗಿಸಿ, ಇಲ್ಲಾಂದ್ರೆ ಥರ್ಮಲ್ ಇಎಂಎಫ್ (ತಾಪದ ವ್ಯತ್ಯಾಸದಿಂದ ತಂತಿಗಳಲ್ಲಿ ಹುಟ್ಟುವ ವೋಲ್ಟೇಜ್) ಕಾಟ.

ಹರಳುಹುಚ್ಚಿ:
ಆಯ್ತು ಸರ್! ನಿಧಾನ ಮಾಡಿದ ಮೇಲೆ ತಿರುವು ಎರಡೂ ಕಡೆ 177ರ ಹತ್ತಿರವೇ ಕೂತಿತು. 200 ಕೆಲ್ವಿನ್‌ನಲ್ಲಿ ಅದಲು ಬದಲು ಮಾಡಿದರೂ ಅದೇ ಓದು, 100ರಲ್ಲಿ ಬೇರೆ. ಸರಾಸರಿ ತೆಗೆದರೆ ಎಲ್ಲ ಗ್ರಾಫೂ ಒಂದರ ಮೇಲೊಂದು. ವ್ಯತ್ಯಾಸವನ್ನು ಹಾಲ್ ಡೇಟಾ ಅಂತ ತೋರಿಸಬಹುದಾ?

ಬೆಸುಗೆ_ಭಟ್ಟ:
ಬೇಡ. ಡೊಮೇನ್ ಮಿಶ್ರ ಇದೆ, ತಂತಿ ಎಷ್ಟು ಓರೆ ಅಂತಲೂ ಗೊತ್ತಿಲ್ಲ. ಅದಕ್ಕೆ ಪದರಗಳಿಗೆ ಲಂಬವಾಗಿ ಫೀಲ್ಡ್ ಕೊಟ್ಟು ತಣಿಸಿ, ಹಾಲ್ ತಂತಿ ಬೇರೆಯೇ ಹಾಕಿ.