ಫೋನಿನಲ್ಲಿ ಆಪ್ತಸಮಾಲೋಚನೆ ಮಾಡುವವರ ದಣಿವು: ರೋಸ್ಟರ್ ಹೇಗೆ ಹಾಕಬೇಕು?

ತುಂಗಾದಂಡೆ:
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ, ಹೊಸನಗರ ಭಾಗದ ಐದು ಜನ ಆಪ್ತಸಮಾಲೋಚಕರಿಗೆ ಸಾಂಕ್ರಾಮಿಕ ಕಾಲದ ಕೆಲಸದ ಯೋಜನೆ ಬರೆಯಬೇಕಿದೆ. 2020-21ರಲ್ಲಿ ಕ್ವಾರಂಟೈನ್‌ನಲ್ಲಿದ್ದವರು, ಸಾವಾದ ಮನೆಯವರು, ಕುಡಿತ ನಿಂತು ನಡುಕ ಹತ್ತಿದವರು, ಎಲ್ಲರ ಜೊತೆಗೂ ಫೋನಿನಲ್ಲೇ ಮಾತು. ಆ ಮಾತು ಕೇಳಿಸಿಕೊಂಡವರನ್ನು ಮಾತ್ರ ಯಾರೂ ಕೇಳಲಿಲ್ಲ. ಯೋಗ, ಧ್ಯಾನದ ಸಲಹೆ ಸಾಕಷ್ಟಿದೆ. ದಿನಕ್ಕೆ ಎಷ್ಟು ಕರೆ, ನಡುವೆ ಎಷ್ಟು ಬಿಡುವು, ಒಬ್ಬರನ್ನು ಯಾವಾಗ ಲೈನಿನಿಂದ ಎಬ್ಬಿಸಬೇಕು ಎಂಬುದು ಖಚಿತವಾಗಿ ಬೇಕು.

ಕರೆಪಟ್ಟಿ:
ನಮಸ್ಕಾರ ಮೇಡಂ. ಐವರಲ್ಲಿ ಮೂವರು ಲೈನಿನಲ್ಲಿ, ಒಬ್ಬರು ಫಾಲೋಅಪ್ ಮತ್ತು ದಾಖಲೆಗೆ, ಒಬ್ಬರಿಗೆ ರಜೆ. ಒಬ್ಬೊಬ್ಬರಿಗೆ ದಿನಕ್ಕೆ ಆರು ಕರೆ ಮೀರದಿರಲಿ. ಅದರಲ್ಲಿ ಸಾವು ಅಥವಾ ಆತ್ಮಹತ್ಯೆ ಯೋಚನೆಯವು ಎರಡೇ ಇರಲಿ. ಮಾತು 40 ನಿಮಿಷ, ಬಿಡುವು 15. ಬಿಡುವಿನ ಮೊದಲ ಐದು ನಿಮಿಷದಲ್ಲಿ ನೋಟ್ಸ್ ಬರೆದು ಮುಗಿಸಬೇಕು, ಉಳಿದ ಹತ್ತು ನಿಮಿಷ ಫೋನ್ ಕೈಯಲ್ಲಿರಬಾರದು. ಇವು ಯಾವ ಸುತ್ತೋಲೆಯಲ್ಲೂ ಇರುವ ಅಂಕಿಯಲ್ಲ, ಕೆಲಸ ತೂಗುವ ಅಂದಾಜು. ಎದುರಿಗೆ ಮುಖ ಇಲ್ಲದಾಗ ಉಸಿರು, ಮೌನ, ದನಿಯ ಏರಿಳಿತ ಎಲ್ಲವನ್ನೂ ಕಿವಿಯೊಂದೇ ಹಿಡಿಯಬೇಕು, ಹಾಗಾಗಿ ಎದುರು ಕೂತು ಮಾತಾಡುವುದಕ್ಕಿಂತ ಬೇಗ ಸುಸ್ತಾಗುತ್ತದೆ.

ನಮ್ಮ ಕಡೆ ಇನ್ನೊಂದಿದೆ, ರೇಂಜ್. "ಇನ್ನು ಬದುಕಿ ಏನು ಪ್ರಯೋಜನ" ಎನ್ನುವಷ್ಟರಲ್ಲಿ ಲೈನ್ ಕಟ್ ಆದರೆ, ಆ ರಾತ್ರಿ ಸಮಾಲೋಚಕರಿಗೆ ನಿದ್ದೆ ಇಲ್ಲ. ಇದನ್ನು ಮಾತು ಶುರುವಾಗುವ ಮೊದಲೇ ತಡೆಯಬೇಕು. ಮೊದಲ ಎರಡು ನಿಮಿಷದಲ್ಲೇ ಊರು, ಈಗ ಎಲ್ಲಿದ್ದೀರಿ, ಜೊತೆಗೆ ಯಾರಿದ್ದಾರೆ, ಮನೆಯ ಇನ್ನೊಂದು ನಂಬರು ಕೇಳಿ ಬರೆದುಕೊಳ್ಳಿ. "ಕಟ್ ಆದರೆ ನಾನೇ ಮಾಡ್ತೀನಿ, ನೀವು ಫೋನ್ ಹತ್ತಿರ ಇಟ್ಕೊಂಡಿರಿ" ಅಂತ ಹೇಳಿ. ಕಟ್ ಆದರೆ ಐದು ನಿಮಿಷದಲ್ಲಿ ಮೂರು ಸಲ ಪ್ರಯತ್ನ, ಸಿಗದಿದ್ದರೆ ಎರಡನೇ ನಂಬರು, ಅದೂ ಇಲ್ಲದಿದ್ದರೆ ಆ ಊರಿನ ಆಶಾ ಕಾರ್ಯಕರ್ತೆ ಅಥವಾ 112. ಮಾಡಿದ್ದನ್ನೆಲ್ಲ ಸಮಯ ಸಮೇತ ಬರೆದಿಡಿ. ಹೀಗೊಂದು ಕ್ರಮ ಕೈಯಲ್ಲಿದ್ದರೆ "ಇನ್ನೇನಾದರೂ ಮಾಡಬಹುದಿತ್ತೇನೋ" ಎಂಬ ಕೊರಗು ಬಹಳ ಕಡಿಮೆಯಾಗುತ್ತದೆ.

ಸ್ವಂತ ನಂಬರಿನಿಂದ ಖಂಡಿತ ಕರೆ ಬೇಡ. ಬೇರೆ ಸಿಮ್, ಡ್ಯೂಟಿ ಮುಗಿದ ಮೇಲೆ ಆಫ್.

ಔಷಧಚೀಟಿ:
ಸಮಾಲೋಚಕರ ಆತಂಕದಲ್ಲಿ ದೊಡ್ಡ ಪಾಲು ಅವರದ್ದಲ್ಲದ ವೈದ್ಯಕೀಯ ತೀರ್ಮಾನ ಅವರ ತಲೆಗೆ ಬೀಳುವುದರಿಂದ ಬರುತ್ತದೆ. ಫೋನಿನ ಪಕ್ಕ ಒಂದು ಕಾರ್ಡ್ ಇರಲಿ.

2020ರ ಮಾರ್ಚ್ ಕೊನೆಯಿಂದ ಮೇ 4ರವರೆಗೆ ಮದ್ಯದಂಗಡಿ ಮುಚ್ಚಿ ಕುಡಿತ ದಿಢೀರನೆ ನಿಂತವರಿಗೆ ಏನಾಯಿತೋ ಅದು ಮತ್ತೆ ಆಗಬಹುದು. ಕೊನೆಯ ಕುಡಿತದ ನಂತರ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. 48ರಿಂದ 96 ಗಂಟೆಯ ನಡುವೆ ದಿಕ್ಕು ತಪ್ಪಿದಂತೆ ಮಾತು, ಇಲ್ಲದ್ದು ಕಾಣುವುದು. ಇದು ಮಾತಾಡಿ ಸಮಾಧಾನ ಮಾಡುವ ಕೇಸೇ ಅಲ್ಲ, ನೇರ ಆಸ್ಪತ್ರೆಗೆ.

ಲಿಥಿಯಂ (ಬೈಪೋಲಾರ್ ಕಾಯಿಲೆಯ ಮಾತ್ರೆ) ತೆಗೆದುಕೊಳ್ಳುವವರಿಗೆ ಜ್ವರದ ಜೊತೆ ವಾಂತಿ, ಭೇದಿ ಆದರೆ ಅಥವಾ ಅವರು ನೋವಿನ ಮಾತ್ರೆ ಐಬುಪ್ರೊಫೇನ್ ನುಂಗಿದರೆ ರಕ್ತದಲ್ಲಿ ಲಿಥಿಯಂ ಮಟ್ಟ ಏರುತ್ತದೆ. ಕೈ ಜೋರಾಗಿ ನಡುಗುವುದು, ನಡಿಗೆ ತಪ್ಪುವುದು, ನಾಲಿಗೆ ತೊದಲುವುದು ಕಂಡರೆ ಅದೇ ದಿನ ವೈದ್ಯರಿಗೆ. ಕ್ಲೊಜಪಿನ್‌ನವರಿಗೆ (ಸ್ಕಿಜೋಫ್ರೇನಿಯಾದ ಮಾತ್ರೆ) ಜ್ವರ, ಗಂಟಲು ನೋವು ಬಂದರೆ ಅಂದೇ ರಕ್ತದ ಬಿಳಿಕಣಗಳ ಎಣಿಕೆ, ಏಕೆಂದರೆ ಈ ಮಾತ್ರೆಯಿಂದ ಅವು ಕುಸಿಯಬಹುದು. ಡಿಸೆಂಬರಿನಿಂದ ಮೇವರೆಗೆ ಮಲೆನಾಡಿನ ಜ್ವರ ಮಂಗನ ಕಾಯಿಲೆಯೂ ಆಗಿರಬಹುದು. ಅದೇನೆಂದು ತೀರ್ಮಾನಿಸುವುದು ಪಿಎಚ್‌ಸಿ ಕೆಲಸ. ಸಮಾಲೋಚಕರು ಕಳಿಸಿದರೆ ಸಾಕು, ಅಲ್ಲಿಗೆ ಅವರ ಹೊಣೆ ಮುಗಿಯಿತು ಎಂದು ಕಾರ್ಡಿನಲ್ಲೇ ಬರೆಯಿರಿ.

ಸಹ್ಯಾದ್ರಿ_ಮನ:
ಲೈನಿನಿಂದ ಎಬ್ಬಿಸುವುದು ಯಾವಾಗ? ಬರ್ನೌಟ್, ಅಂದರೆ ಕೆಲಸದ ಒತ್ತಡದಿಂದ ಬಸವಳಿಯುವುದನ್ನು, ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಿ ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದಿದೆ, ಕಾಯಿಲೆ ಎಂದಿಲ್ಲ. ಬಳಲಿಕೆ, ಕೆಲಸದ ಮೇಲೆ ಜಿಗುಪ್ಸೆ, "ನನ್ನಿಂದ ಏನೂ ಆಗ್ತಿಲ್ಲ" ಎಂಬ ಭಾವ, ಇವು ಮೂರು ಸೇರಿದರೆ ಕೆಲಸದ ಹೊರೆ ಬದಲಾಗಬೇಕು. ಕೇಳಿದ ಸಾವಿನ ವಿವರ ಊಟಕ್ಕೆ ಕೂತಾಗ ಕಣ್ಣಮುಂದೆ ಬರುವುದು, ಆಂಬ್ಯುಲೆನ್ಸ್ ಸದ್ದಿಗೆ ಎದೆ ಧಸಕ್ಕೆನ್ನುವುದು ಬೇರೆ. ಅಂಥವರನ್ನು ಸಾವಿನ ಕರೆಗಳಿಂದ ಅಂದೇ ಬಿಡಿಸಿ. ಎರಡು ವಾರಕ್ಕೊಮ್ಮೆ ಸಮಾಲೋಚಕರು ಪಿಎಚ್‌ಕ್ಯೂ-9 (ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಹಾಳೆ) ತುಂಬಲಿ. 27ಕ್ಕೆ 10 ಅಥವಾ ಹೆಚ್ಚು ಬಂದರೆ ಮನೋವೈದ್ಯರ ಭೇಟಿ. ಸಾಯುವ ಯೋಚನೆ ಕುರಿತ ಒಂಬತ್ತನೇ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೆ ಉತ್ತರ ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ಅಂದೇ ಮಾತಾಡಬೇಕು. ಆ ಹಾಳೆ ಮೇಲಧಿಕಾರಿಯ ಕೈಗೆ ಹೋಗುತ್ತದೆ ಎಂದಾದರೆ ಯಾರೂ ನಿಜ ಬರೆಯುವುದಿಲ್ಲ.

ವಾರಕ್ಕೊಂದು ಗಂಟೆ ಸೂಪರ್‌ವಿಷನ್, ಅಂದರೆ ಸಮಾಲೋಚಕರು ತಮ್ಮ ಕರೆಗಳ ಬಗ್ಗೆ ಅನುಭವಿಗಳ ಜೊತೆ ಮಾತಾಡುವುದು, ಬೇಕೇ ಬೇಕು. ಸಣ್ಣ ಊರಿನಲ್ಲಿ ಬೆಳಿಗ್ಗೆ ಫೋನಿನಲ್ಲಿ ಅತ್ತವರು ಸಂಜೆ ಸಂತೆಯಲ್ಲಿ ಎದುರಾಗುತ್ತಾರೆ. ಹಾಗಾಗಿ ಸೂಪರ್‌ವಿಷನ್ ಮಾಡುವವರು ಬೇರೆ ಜಿಲ್ಲೆಯವರಾಗಿದ್ದರೆ ಒಳ್ಳೆಯದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಸಮಾಲೋಚಕರಿಗೂ ಇದೆ, ದಿನದ 24 ಗಂಟೆ, ಉಚಿತ.

ತುಂಗಾದಂಡೆ:
ತುಂಬಾ ಉಪಕಾರ ಆಯ್ತು. ಐವರಲ್ಲಿ ಇಬ್ಬರಿಗೆ ಸೋಂಕು ತಗುಲಿದರೆ?

ಕರೆಪಟ್ಟಿ:
ಉಳಿದವರಿಗೆ ಆರರ ಬದಲು ಒಂಬತ್ತು ಕರೆ ಕೊಡಬೇಡಿ ಮೇಡಂ, ಮೂರನೆಯವರೂ ಮಲಗುತ್ತಾರೆ. ಆತ್ಮಹತ್ಯೆ ಯೋಚನೆ, ತೀವ್ರ ಮಾನಸಿಕ ಕಾಯಿಲೆ, ಮಾತ್ರೆ ತಪ್ಪಿದವರು, ಈ ಮೂರನ್ನು ಉಳಿಸಿಕೊಳ್ಳಿ. ಉಳಿದವರಿಗೆ ಮುಂದಿನ ದಿನಾಂಕ ಹೇಳಿ 14416 ಕೊಡಿ. ಈ ಕ್ರಮವನ್ನು ಈಗಲೇ ಬರೆದು ಅಧಿಕಾರಿಯ ಸಹಿ ಹಾಕಿಸಿಟ್ಟುಕೊಳ್ಳಿ, ಆಮೇಲೆ ಯಾರೂ ಸಮಾಲೋಚಕರನ್ನು ದೂರುವುದಿಲ್ಲ. ಮಳೆಗಾಲದಲ್ಲಿ ಆಗುಂಬೆ ಕಡೆಯ ಕರೆಗಳನ್ನು ಬೆಳಿಗ್ಗೆಯೇ ಮುಗಿಸಿ. ಕರೆಂಟ್ ಹೋದ ದಿನ ಸಂಜೆಗೆ ಆ ಮನೆಗಳ ಫೋನಿನಲ್ಲಿ ಚಾರ್ಜ್ ಇರುವುದಿಲ್ಲ.