‘ಇಂಡೆಕ್ಸ್ ಆಗು’, ‘ಇಂಡೆಕ್ಸ್ ಮಾಡಿಸು’: ಕನ್ನಡದಲ್ಲಿ ಯಾವ ಪದ ಹೊಂದೀತು?

ಮಾನ್ಯರೇ,

ಸಣ್ಣ ವ್ಯಾಪಾರಸ್ಥರು ತಮ್ಮ ಜಾಲತಾಣದ ಪುಟಗಳು ಗೂಗಲ್, ಬಿಂಗ್‌ನಂತಹ ಶೋಧಯಂತ್ರಗಳಲ್ಲಿ ಸಿಗುವಂತೆ ಏನು ಮಾಡಬೇಕೆಂದು ತಿಳಿಸುವ ಕಿರುಕೈಪಿಡಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ‘ಇಂಡೆಕ್ಸಿಂಗ್’ (ಶೋಧಯಂತ್ರವು ಪುಟವೊಂದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಳ್ಳುವುದು) ಎಂಬುದಕ್ಕೆ ಯಾವ ಪದವನ್ನು ಬಳಸುವುದು ಸೂಕ್ತ ಎಂಬ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ತೊಡಕು ಇಷ್ಟು: ‘ನಮ್ಮ ಸೈಟು ಗೂಗಲ್‌ನಲ್ಲಿ ಬರುತ್ತಿಲ್ಲ’ ಎಂಬ ಒಂದೇ ಮಾತು ಮೂರು ಬೇರೆ ಸ್ಥಿತಿಗಳಿಗೆ ಸಲ್ಲುತ್ತಿದೆ. ಶೋಧಯಂತ್ರದ ಬಾಟ್, ಅಂದರೆ ಪುಟಗಳನ್ನು ತಾನಾಗಿ ಓದುತ್ತ ಸಾಗುವ ತಂತ್ರಾಂಶ, ಆ ಪುಟಕ್ಕೆ ಬಂದೇ ಇರಲಿಕ್ಕಿಲ್ಲ. ಬಂದು ಓದಿಕೊಂಡು ಹೋಗಿದ್ದರೂ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿರಲಿಕ್ಕಿಲ್ಲ. ಸೇರಿಸಿಕೊಂಡಿದ್ದರೂ ಹುಡುಕುವವರ ಕಣ್ಣಿಗೆ ಬೀಳದಷ್ಟು ಕೆಳಗೆ ತೋರಿಸುತ್ತಿರಬಹುದು. ತಾಣದ ಒಡೆಯರಿಗೆ ಪುಟಗಳ ಸ್ಥಿತಿ ತಿಳಿಸುವ ಗೂಗಲ್ ಸರ್ಚ್ ಕನ್ಸೋಲ್‌ನ ವರದಿಯಂತೂ ‘ಪತ್ತೆಯಾಗಿದೆ, ಸದ್ಯ ಇಂಡೆಕ್ಸ್ ಆಗಿಲ್ಲ’ ಎಂಬುದನ್ನೂ ‘ಕ್ರಾಲ್ ಆಗಿದೆ, ಸದ್ಯ ಇಂಡೆಕ್ಸ್ ಆಗಿಲ್ಲ’ ಎಂಬುದನ್ನೂ ಬೇರೆಬೇರೆಯಾಗಿಯೇ ತೋರಿಸುತ್ತದೆ. ಮೊದಲನೆಯದರಲ್ಲಿ ಪುಟದ ವಿಳಾಸ ಮಾತ್ರ ತಿಳಿದಿದೆ, ಭೇಟಿ ಇನ್ನೂ ಆಗಿಲ್ಲ. ಎರಡನೆಯದರಲ್ಲಿ ಓದಿಯೂ ಬಿಟ್ಟಿದೆ. ಹೀಗೆ ಓದಿ ಬಿಟ್ಟ ಪುಟದ ಬಗ್ಗೆ ಮತ್ತೆ ಮತ್ತೆ ಕೋರಿಕೆ ಸಲ್ಲಿಸುವುದಕ್ಕಿಂತ ಅದರಲ್ಲಿ ಹುರುಳಿದೆಯೇ, ಅದೇ ವಿವರ ಇನ್ನೊಂದು ಪುಟದಲ್ಲೂ ಇದೆಯೇ ಎಂದು ನೋಡುವುದು ಮೇಲು.

‘ಕ್ರಾಲ್’ಗೆ ‘ಜಾಲಾಡು’ ಎಂಬ ನಮ್ಮದೇ ಕ್ರಿಯಾಪದ ಒದಗುತ್ತದೆ; ‘ತೆವಳು’ ಎಂಬ ಪದಶಃ ಅನುವಾದ ನಗೆಪಾಟಲು. ‘ಇಂಡೆಕ್ಸ್’ ಅಷ್ಟು ಸುಲಭದಲ್ಲಿ ಬಗ್ಗುತ್ತಿಲ್ಲ. ‘ಸೂಚ್ಯಂಕಗೊಳಿಸು’ ಎಂಬುದನ್ನು ಕೈಬಿಡಲೇಬೇಕು. ಸೂಚ್ಯಂಕವೆಂದರೆ ಷೇರುಪೇಟೆಯಲ್ಲೋ ಬೆಲೆಯೇರಿಕೆಯಲ್ಲೋ ಏರಿಳಿಯುವ ಒಂದು ಅಂಕಿ, ಪುಟಗಳ ಸಂಗ್ರಹಕ್ಕೂ ಅದಕ್ಕೂ ಸಂಬಂಧವಿಲ್ಲ. ‘ಸೂಚೀಕರಣ’ ಶಾಸ್ತ್ರಶುದ್ಧವಾಗಿದೆ, ಗ್ರಂಥಾಲಯದವರಿಗೆ ಪರಿಚಿತವೂ ಹೌದು, ಆದರೆ ‘ನಿಮ್ಮ ಪುಟ ಸೂಚೀಕರಣಗೊಂಡಿಲ್ಲ’ ಎಂದರೆ ವ್ಯಾಪಾರಿಗೆ ಏನೂ ಹೊಳೆಯದು. ನನ್ನ ಒಲವು ‘ನಮೂದಾಗು’ ಎಂಬುದರ ಕಡೆಗಿದೆ. ಆದರೂ ಒಂದು ಅಳುಕಿದೆ: ಕಚೇರಿಯಲ್ಲಿ ಅರ್ಜಿ ಕೊಟ್ಟು ಹೆಸರು ನಮೂದಿಸಿಕೊಂಡು ಬರುವಂತೆ, ಸೈಟ್‌ಮ್ಯಾಪ್ ಸಲ್ಲಿಸಿದೊಡನೆ ನಮೂದು ಮುಗಿಯಿತೆಂದು ಓದುಗರು ಭಾವಿಸಿಯಾರು. ಸೈಟ್‌ಮ್ಯಾಪ್ ಎಂಬುದು ಬರಿಯ ವಿಳಾಸಪಟ್ಟಿ. ಒಂದು ಕಡತದಲ್ಲಿ 50,000 ವಿಳಾಸಗಳವರೆಗೆ ಕೊಡಬಹುದಾದರೂ ಅವುಗಳಲ್ಲಿ ಯಾವುದನ್ನು ಸೇರಿಸಿಕೊಳ್ಳಬೇಕೆಂಬ ತೀರ್ಮಾನ ಶೋಧಯಂತ್ರದ್ದೇ. 2021ರಲ್ಲಿ ಬಿಂಗ್ ಮತ್ತು ರಷ್ಯಾದ ಶೋಧಯಂತ್ರ ಯಾಂಡೆಕ್ಸ್ ಜೊತೆಗೂಡಿ ತಂದ ‘ಇಂಡೆಕ್ಸ್‌ನೌ’ ಎಂಬ ವ್ಯವಸ್ಥೆ ಕೂಡ, ಹೆಸರಿನಲ್ಲಿ ಎಷ್ಟೇ ಅವಸರವಿದ್ದರೂ, ಪುಟ ಬದಲಾಗಿದೆಯೆಂಬ ಸುದ್ದಿಯನ್ನಷ್ಟೇ ಶೋಧಯಂತ್ರಗಳಿಗೆ ಮುಟ್ಟಿಸುತ್ತದೆ.

ಆದ್ದರಿಂದ ನನಗೆ ನಾಮಪದಕ್ಕಿಂತ ಅದರ ಬೆನ್ನಿಗೆ ಬರುವ ಕ್ರಿಯಾಪದವೇ ಮುಖ್ಯವೆನಿಸುತ್ತದೆ. ‘ಇಂಡೆಕ್ಸ್ ಮಾಡು’ ಎಂದರೆ ಕರ್ತೃ ಶೋಧಯಂತ್ರ. ‘ಇಂಡೆಕ್ಸ್ ಆಗು’ ಎಂದರೆ ಫಲ. ‘ಇಂಡೆಕ್ಸ್ ಮಾಡಿಸು’ ಎಂದೊಡನೆ ಆ ಕೆಲಸ ಮಾಡಿಸುವ ಅಧಿಕಾರ ಇನ್ನಾರಿಗೋ ಇದೆಯೆಂದಾಯಿತು. ‘ಹಣ ಕೊಡಿ, ಇಂಡೆಕ್ಸ್ ಮಾಡಿಸಿಕೊಡುತ್ತೇವೆ’ ಎನ್ನುವವರ ಜಾಹೀರಾತು ನಿಂತಿರುವುದೇ ಆ ಒಂದು ‘ಇಸು’ ಪ್ರತ್ಯಯದ ಮೇಲೆ. ಪುಟವನ್ನು ಸೇರಿಸಿಕೊಂಡೇ ತೀರುವುದಾಗಿ ಗೂಗಲ್ ಯಾರಿಗೂ ಖಾತರಿ ಕೊಡುವುದಿಲ್ಲ. ಹೆಚ್ಚು ಸಲ ಜಾಲಾಡುವುದಕ್ಕೆಂದು ಹಣವನ್ನೂ ಪಡೆಯುವುದಿಲ್ಲ.

ಇನ್ನೊಂದು ಜೋಡಿಯೂ ಕಾಡುತ್ತಿದೆ. ‘ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ’ (robots.txt) ಕಡತ ಬಾಟ್ ಒಳಬರುವುದನ್ನು ತಡೆಯುತ್ತದೆ, ಪುಟದೊಳಗೆ ಬರೆದಿಡುವ ‘ನೋಇಂಡೆಕ್ಸ್’ (noindex) ಟ್ಯಾಗ್ ಪುಟವು ಸಂಗ್ರಹಕ್ಕೆ ಸೇರುವುದನ್ನು ತಡೆಯುತ್ತದೆ. ಒಳಗೆ ಬಿಟ್ಟರೆ ಮಾತ್ರ ಬಾಟ್ ಆ ಟ್ಯಾಗನ್ನು ಓದೀತು. ಎರಡನ್ನೂ ಒಟ್ಟಿಗೆ ಹಾಕಿದರೆ ಟ್ಯಾಗ್ ಕಾಣದೇ ಹೋಗಿ, ಬೇರೆ ತಾಣಗಳ ಕೊಂಡಿಗಳ ಮೂಲಕ ಆ ವಿಳಾಸ ಹುಡುಕಾಟದಲ್ಲಿ ಮೂಡಿಬಿಡಬಹುದು. ಎರಡಕ್ಕೂ ‘ತಡೆ’ ಎಂದೇ ಬರೆದರೆ ಈ ಅಂತರ ಅಳಿಸಿಹೋಗುತ್ತದೆ. ಮೊದಲನೆಯದಕ್ಕೆ ‘ಪ್ರವೇಶತಡೆ’, ಎರಡನೆಯದಕ್ಕೆ ‘ನಮೂದುತಡೆ’ ಎನ್ನಬಹುದೇ?

‘ನಮೂದಾಗು’ ಎಂಬುದಕ್ಕೆ ನಾನು ಹೇಳಿದ ಅಳುಕು ನಿಮಗೂ ಇದೆಯೇ, ಅಥವಾ ‘ಇಂಡೆಕ್ಸ್ ಆಗು’ ಎಂದೇ ಉಳಿಸಿಕೊಂಡು ಮೊದಲ ಬಳಕೆಯಲ್ಲಿ ಅರ್ಥ ಬಿಡಿಸಿ ಹೇಳುವುದು ಲೇಸೇ ಎಂಬುದನ್ನು, ಪ್ರಯೋಗಗಳ ಸಹಿತ ತಿಳಿಸಬೇಕಾಗಿ ವಿನಂತಿ.