ಟೇಪಲ್ಲಿ ಕುದುರೆ ತೂಕ ಏರಿದೆ, ಪಕ್ಕೆಲುಬು ಮಾತ್ರ ಎದ್ದು ಕಾಣ್ತಿದೆ, ಏನು ಮಾಡೋದು?

ಕೆಂಚನ_ಸವಾರ: ತಲೆ ಕೆಟ್ಟೋಗಿದೆ. ಹೋದ ತಿಂಗಳು ನನ್ನ ಕುದುರೆ ಕೆಂಚನ ಎದೆ ಸುತ್ತಳತೆ, ಉದ್ದ ಟೇಪಲ್ಲಿ ಅಳೆದು ತೂಕ ಲೆಕ್ಕ ಹಾಕಿದಾಗ 436 ಕೆಜಿ ಬಂದಿತ್ತು, ನಿನ್ನೆ 456. ಆದ್ರೆ ಪಕ್ಕೆಲುಬು ಎಣಿಸ್ಬೋದು, ಬೆನ್ನಿನ ಮಾಂಸ ಇಳಿದು ಜೀನು ಸರಿಯಾಗಿ ಕೂರ್ತಿಲ್ಲ, ಹೊಟ್ಟೆ ಮಾತ್ರ ಜೋತುಬಿದ್ದಿದೆ, ಹತ್ತು ನಿಮಿಷ ಟ್ರಾಟ್ (ನಿಧಾನ ಓಟ) ಮಾಡಿಸಿದ್ರೆ ಏದುಸಿರು ಬಿಡ್ತಾನೆ. ಕಾಳು ಜಾಸ್ತಿ ಮಾಡ್ಲಾ ಕಮ್ಮಿ ಮಾಡ್ಲಾ? ಮೇವು ಎಲ್ಲಾ ಸರಿಯಾಗೇ ಕೊಡ್ತಿದೀನಿ.

ಗೊರಸು: ಟೇಪ್ ಎಲ್ಲಿ ಸುತ್ತಿದ್ರಿ? ಹೆಗಲ ಉಬ್ಬಿನ ಹಿಂದೆ, ಮುಂಗಾಲಿನ ಮೊಣಕೈಗೆ ತಾಗಿದ ಹಾಗೆ ಬರ್ಬೇಕು, ಉಸಿರು ಬಿಟ್ಟಾಗ ಓದ್ಬೇಕು. ಸ್ವಲ್ಪ ಹಿಂದೆ ಜಾರಿದ್ರೂ ಹೊಟ್ಟೆ ಸೇರ್ಕೊಂಡು ಲೆಕ್ಕ ಹಾಳಾಗತ್ತೆ.

ಕೆಂಚನ_ಸವಾರ: ಆಗ ಸುತ್ತಳತೆ 180 ಸೆಂ.ಮೀ., ಈಗ 184. ಉದ್ದ 160.

ಗೊರಸು: ನೋಡಿ, ಸುತ್ತಳತೆ ಗುಣಿಸು ಸುತ್ತಳತೆ ಗುಣಿಸು ಉದ್ದ, ಭಾಗಿಸು 11880. ಬರೀ 4 ಸೆಂ.ಮೀ. ಹೆಚ್ಚಾಗಿದ್ದಕ್ಕೇ 20 ಕೆಜಿ ಬಂತು. ಕುದುರೆ ದಪ್ಪ ಆಗಿಲ್ಲ, ಟೇಪ್ ಜಾರಿದೆ. ಮೂರು ಸಲ ಅಳೆದು ಸರಾಸರಿ ಹಾಕಿ.

ದೌಡು: ಟೇಪ್ ಬಿಟ್ಟಾಕಿ ಸ್ವಾಮಿ, ಕೈ ಇಟ್ಟು ನೋಡಿ. ಹೆನೆಕೆ ಅನ್ನೋರು 1983ರಲ್ಲಿ ಮಾಡಿದ, ಕುದುರೆ ಮೈಕೊಬ್ಬು ನೋಡೋ 1ರಿಂದ 9ರ ಸ್ಕೋರ್ (1 ತೀರಾ ಬಡಕಲು, 9 ತೀರಾ ದಪ್ಪ) ಇರೋದೇ ಅದಕ್ಕೆ. 5 ಅಂದ್ರೆ ಪಕ್ಕೆಲುಬು ಕಣ್ಣಿಗೆ ಕಾಣಲ್ಲ, ಕೈಗೆ ಸುಲಭವಾಗಿ ಸಿಗತ್ತೆ. ನಿಮ್ಮದು 4ಕ್ಕಿಂತ ಮೇಲೆ ಇರಲ್ಲ.

ಗೊರಸು: ಕೈ ಅಂದಾಜು ಒಬ್ಬೊಬ್ಬರದು ಒಂದೊಂದು ಥರ ಇರತ್ತೆ, ಕೂದಲು ದಟ್ಟ ಇದ್ರೆ ಇನ್ನೂ ಮೋಸ. ನಂಬರ್ ಬೇಕೇ ಬೇಕು.

ದೌಡು: ಆ ನಂಬರ್ರೇ ಅಲ್ವಾ ಇಲ್ಲಿ ದಾರಿ ತಪ್ಪಿಸಿದ್ದು!

ಉದ್ದದಾರಿ: ತೂಕದಿಂದ ಫಿಟ್‌ನೆಸ್ ಗೊತ್ತಾಗಲ್ಲ, ಹಾರ್ಟ್‌ರೇಟ್ ನೋಡಿ. ನಮ್ಮ ಹೆಣ್ಣು ಕುದುರೆದು ಸುಮ್ನೆ ನಿಂತಾಗ ನಿಮಿಷಕ್ಕೆ 32, 20 ಕಿ.ಮೀ. ಮುಗಿಸಿ ನೀರು ಹಾಕಿದ್ರೆ ನಾಲ್ಕು ನಿಮಿಷಕ್ಕೆ 64ರ ಕೆಳಗೆ ಇಳೀತಾಳೆ, ಎರಡು ವರ್ಷದಿಂದ ಮಾನಿಟರ್ ಕಟ್ಟಿ ಪ್ರತಿ ಸವಾರಿನೂ ಬರೆದಿಟ್ಟಿದೀನಿ, ಬೇಕಿದ್ರೆ ಗ್ರಾಫ್ ಹಾಕ್ತೀನಿ.

ಹಳೇಲಾಯ: ವಯಸ್ಸೆಷ್ಟು ಅಂತ ಯಾರೂ ಕೇಳ್ಲಿಲ್ವಲ್ಲ. ಜಂತುಹುಳದ್ದು ಲದ್ದಿ ಪರೀಕ್ಷೆ ಆಗಿದ್ಯಾ? ಹಲ್ಲು ಯಾವಾಗ ತೋರಿಸಿದ್ರಿ? ಬೆನ್ನು ಇಳಿದು ಹೊಟ್ಟೆ ಜೋತಿದೆ ಅಂದ್ರೆ ಒರಟು ಹುಲ್ಲು ಹೊಟ್ಟೆ ತುಂಬ್ತಿದೆ, ಮೈಗೆ ಹತ್ತುತಿಲ್ಲ. ಬೇಸಿಗೆ ಬಂದ್ರೂ ಕೂದಲು ಉದುರದೆ ಉದ್ದ ಉಳಿದಿದ್ರೆ ಅದನ್ನೂ ಡಾಕ್ಟ್ರಿಗೆ ಹೇಳಿ, ವಯಸ್ಸಾದವಕ್ಕೆ ಕುಶಿಂಗ್ಸ್ ಅನ್ನೋ ಹಾರ್ಮೋನ್ ಕಾಯಿಲೆ ಬಂದ್ರೂ ಬೆನ್ನು ಹೀಗೇ ಇಳಿಯತ್ತೆ. ಅಲ್ಲೀವರೆಗೂ ಕಾಳು ಏರಿಸ್ಬೇಡಿ, ಸವಾರಿ ನಿಲ್ಸಿ.

ಕೆಂಚನ_ಸವಾರ: ವಯಸ್ಸು 21, ಹೇಳೋದೇ ಮರೆತೆ. ಹಲ್ಲು ಎರಡು ವರ್ಷದಿಂದ ನೋಡ್ಸಿಲ್ಲ, ಚೆನ್ನಾಗಿ ತಿಂತಾನಲ್ಲ ಅಂತ ಸುಮ್ನಿದ್ದೆ. ಈಗ ಲಾಯಕ್ಕೆ ಹೋಗಿ ನೋಡಿದ್ರೆ ಗೋದಲಿ ಕೆಳಗೆ ಅರ್ಧ ಅಗಿದು ಉಗುಳಿದ ಹುಲ್ಲಿನ ಉಂಡೆಗಳು ಬಿದ್ದಿವೆ. ದಿನಾ ಗುಡಿಸಿ ಹಾಕ್ತಿದ್ದೆ, ಏನಂತ ಗೊತ್ತಾಗ್ಲಿಲ್ಲ.

ಹಳೇಲಾಯ: ಹಾಗಿದ್ರೆ ಮೊದಲು ಹಲ್ಲೇ, ಸರಿಯಾಗಿ ಅಗಿಯೋಕಾಗದೆ ಉಗುಳ್ತಿದಾನೆ. ಅಲ್ಲೀವರೆಗೂ ಹುಲ್ಲಿನ ಪೆಲೆಟ್ (ಪುಡಿ ಮಾಡಿ ಒತ್ತಿದ ಹುಲ್ಲಿನ ಗುಳಿಗೆ) ನೀರಲ್ಲಿ ಚೆನ್ನಾಗಿ ನೆನೆಸಿ, ಮೆತ್ತಗೆ ಮಾಡಿ ಕೊಡಿ, ಒಣಗಿದ್ದು ಕೊಟ್ರೆ ಗಂಟಲಿಗೆ ಸಿಕ್ಕಿಕೊಳ್ಳತ್ತೆ.

ಗೊರಸು: ಆ 160 ಉದ್ದ ಭುಜದ ತುದಿಯಿಂದ ಹಿಂಭಾಗದ ಮೂಳೆ ತುದಿವರೆಗಾ? ಅದನ್ನೂ ಒಂದ್ಸಲ ಚೆಕ್ ಮಾಡಿ.

ಕೆಂಚನ_ಸವಾರ: ಡಾಕ್ಟ್ರು ಗುರುವಾರ ಬರ್ತಾರೆ. ಪೆಲೆಟ್ ನೆನೆಸಿಟ್ಟೆ, ಬಕೆಟ್ ಪೂರ್ತಿ ಖಾಲಿ ಮಾಡ್ದ.